ಮಾಂಸ ಬಿಟ್ಟ ದಿನಗಳ ಊಟ

“ನಲವತ್ತು ದಿನ ಮಾಂಸ ಬಿಟ್ಟರೆ ಮೈಯಲ್ಲಿ ಕಸುವು ಉಳಿಯುತ್ತದೆಯೇ, ಸ್ವಾಮಿ?” ತಪಸ್ಸುಕಾಲ ಬಂತೆಂದರೆ ಗುರುಗಳ ಮುಂದೆ ಬರುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ತಾಯಂದಿರು. ಅವರ ಚಿಂತೆಯೆಲ್ಲ ಮಕ್ಕಳದು, ಗಂಡನದು. ತಮ್ಮ ಮೈಯ ಮಾತನ್ನು ಅವರು ಎತ್ತುವುದೇ ಇಲ್ಲ.

ಮೊದಲು ಕಟ್ಟಳೆ ಎಷ್ಟೆಂದು ತಿಳಿಯೋಣ. 1983ರ ಧರ್ಮಸಭೆಯ ಕಾನೂನಿನಂತೆ ಮಾಂಸವರ್ಜನೆ ಹದಿನಾಲ್ಕು ತುಂಬಿದವರಿಗೆ ಮಾತ್ರ. ಹಾಲು, ಮೊಟ್ಟೆ ವರ್ಜ್ಯವಲ್ಲವೆಂದು ಆರನೇ ಪೌಲ್ ಜಗದ್ಗುರುಗಳು 1966ರಲ್ಲೇ ಸ್ಪಷ್ಟಪಡಿಸಿದ್ದಾರೆ. ಮೀನಿಗೂ ಅಡ್ಡಿಯಿಲ್ಲ. ನಲವತ್ತು ದಿನವೂ ಬಿಡುವುದು ಮನೆಯವರು ತಾವಾಗಿ ಹೊರುವ ಹರಕೆ, ಕಾನೂನಲ್ಲ.

ಇನ್ನು ದೇಹದ ಲೆಕ್ಕ. ಮೈ ಕಟ್ಟುವ ಅಂಶಕ್ಕೆ ಸಸಾರಜನಕ, ಅಂದರೆ ಪ್ರೋಟೀನ್ ಎನ್ನುತ್ತೇವೆ. ವಯಸ್ಕರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. 55 ಕಿಲೋ ತೂಕದ ತಾಯಿಗೆ ಸುಮಾರು 46 ಗ್ರಾಂ. ನೂರು ಗ್ರಾಂ ಕೋಳಿಮಾಂಸದಲ್ಲಿ ಇಪ್ಪತ್ತು ಗ್ರಾಂನಷ್ಟಿದೆ. ಅಷ್ಟೇ ತೂಕದ ತೊಗರಿಬೇಳೆಯಲ್ಲಿ ತುಸು ಹೆಚ್ಚೇ. ಆದರೆ ಹಿಗ್ಗಬೇಡಿ, ಅದು ಒಣಬೇಳೆಯ ಲೆಕ್ಕ. ನೀರು ಕುಡಿದು ಬೆಂದ ಬೇಳೆ ಒಂದು ಸೌಟು ಬಡಿಸಿಕೊಂಡರೆ ಅಷ್ಟು ಸಿಗುವುದಿಲ್ಲ.

ಆ ತಾಯಿ ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ ಉಂಡರೆ ಅದರಿಂದ ಇಪ್ಪತ್ತೆರಡು ಗ್ರಾಂನಷ್ಟು ಬರುತ್ತದೆ. 75 ಗ್ರಾಂ ಬೇಳೆಯಿಂದ ಹದಿನಾರು, ಒಂದು ಲೋಟ ಹಾಲಿನಿಂದ ಆರು. ಹೆಚ್ಚುಕಡಿಮೆ ಸರಿಹೋಯಿತು. ಬೇಳೆ, ಹಾಲು ತೆಗೆದು ಅನ್ನಕ್ಕೆ ತಿಳಿಸಾರು ಹಾಕಿಕೊಂಡರೆ ಬೇಕಾದ ಅರ್ಧವೂ ಇಲ್ಲ. ಕೊರತೆ ಮಾಂಸ ಬಿಟ್ಟದ್ದರಿಂದಲ್ಲ, ಅದರ ಜಾಗವನ್ನು ಖಾಲಿ ಬಿಟ್ಟದ್ದರಿಂದ. ಭಾನುವಾರ ಮಾತ್ರ ಮಾಂಸ ಕಾಣುವ ಮನೆಗೂ ಉಳಿದ ಆರು ದಿನ ಇದೇ ಮಾತು.

ನಮ್ಮ ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ರುಚಿಯೆಲ್ಲ ಸಾರಿನಲ್ಲಿ, ಸಸಾರಜನಕದ ಬಹುಪಾಲು ಪಲ್ಯದ ಕಾಳಿನಲ್ಲಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರ ಪಾಲಿಗೆ ಯಾವುದು ಉಳಿಯುತ್ತದೆ ಎಂಬುದನ್ನು ಗಂಡಸರು ಒಂದು ದಿನ ಎದ್ದು ಪಾತ್ರೆ ಬಗ್ಗಿ ನೋಡಲಿ.

ಅಕ್ಕಿ, ಗೋಧಿಯಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಹೀಗಾಗಿ ಮುದ್ದೆಗೆ ಹುರುಳಿ, ಅನ್ನಕ್ಕೆ ಅವರೆ ಒಂದರ ಕೊರೆಯನ್ನು ಇನ್ನೊಂದು ತುಂಬುತ್ತವೆ. ಒಂದೇ ಹೊತ್ತಿಗೆ ಕೂಡಲೇಬೇಕೆಂದಿಲ್ಲ, ದಿನದೊಳಗೆ ಬಂದರೆ ಸಾಕು. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಒಳ್ಳೆಯ ಅಳತೆ. ಹಿಡಿ ಕಡಲೇಬೀಜವೂ ದುಬಾರಿಯಲ್ಲ. ಡಬ್ಬದ ಪುಡಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣದು. ಹಾಲು ಮೊಟ್ಟೆಯನ್ನೂ ವರ್ಷಗಟ್ಟಲೆ ಬಿಡುವವರಿಗೆ ಮಾತ್ರ ಬಿ12 ಜೀವಸತ್ವದ ಬಗ್ಗೆ ವೈದ್ಯರ ಸಲಹೆ ಬೇಕು.

ಗರ್ಭಿಣಿಯ ವಿಷಯ ಬೇರೆ. ಕೊನೆಯ ಮೂರು ತಿಂಗಳಲ್ಲಿ ಆಕೆಗೆ ದಿನಕ್ಕೆ ಇನ್ನೂ 22 ಗ್ರಾಂ ಹೆಚ್ಚು ಬೇಕು, ಹಾಲೂಡಿಸುವ ಮೊದಲ ಆರು ತಿಂಗಳು ಸುಮಾರು 17. ಇಂಥವರಿಗೂ ರೋಗಿಗಳಿಗೂ ವಿನಾಯಿತಿ ಉಂಟೆಂಬುದು ಹಿಂದಿನಿಂದ ಬಂದ ಬೋಧನೆ. ಬಸುರಿ ಸೊಸೆ ಶುಕ್ರವಾರ ಮಾಂಸ ತಿಂದರೆ ಅತ್ತೆಯಾದವಳು ಮುಖ ತಿರುಗಿಸಬೇಕಾಗಿಲ್ಲ, ತಾನೇ ಬಡಿಸಬಹುದು.