ಮೂರನೇ ಪಾಳಿ

ಪುಟ್ಟೀ, ರಾಜ್ಯ ರಿಲೇ ತಂಡದಲ್ಲಿ ಮೂರನೇ ಪಾಳಿ ಕೊಟ್ಟರೆಂದು ಊಟ ಬಿಟ್ಟು ಕೂತಿದ್ದೀಯಂತೆ, ನಿಮ್ಮಮ್ಮ ಫೋನ್ ಮಾಡಿದ್ದಳು. ಈ ಮಾವನೂ ಒಂಬತ್ತು ವರ್ಷ ಮೂರನೆಯವನಾಗಿಯೇ ಈಜಿದವನು. ಅದಕ್ಕೇ ನಿನಗೆ ಕಲ್ಲೆನ್ ಜೋನ್ಸ್‌ನ ವಿಷಯ ಹೇಳಬೇಕು.

2008ರ ಬೀಜಿಂಗ್ ಒಲಿಂಪಿಕ್ಸ್, 4x100 ಮೀಟರ್ ಫ್ರೀಸ್ಟೈಲ್ ರಿಲೇ. ಅಮೆರಿಕದ ಪರ ಮೊದಲು ಹಾರಿದ್ದು ಮೈಕೆಲ್ ಫೆಲ್ಪ್ಸ್, ಕೊನೆಗೆ ಜೇಸನ್ ಲೆಜಾಕ್. ಜನ ನೆನಪಿಟ್ಟಿರುವುದು ಇವರಿಬ್ಬರನ್ನೇ. 32 ವರ್ಷದ ಲೆಜಾಕ್ ನೀರಿಗಿಳಿದಾಗ ಫ್ರಾನ್ಸ್ ಅರ್ಧ ಸೆಕೆಂಡಿಗಿಂತ ಹೆಚ್ಚು ಮುಂದಿತ್ತು. ಅವನು 46.06 ಸೆಕೆಂಡಿನಲ್ಲಿ ನೂರು ಮೀಟರ್ ಮುಗಿಸಿ 0.08 ಸೆಕೆಂಡಿನಿಂದ ಚಿನ್ನ ಕಿತ್ತುಕೊಂಡ. ಆ ಹಿನ್ನಡೆ ಆದದ್ದು ಮೂರನೇ ಪಾಳಿಯಲ್ಲಿ, ಜೋನ್ಸ್‌ನದು. ಅವನ 47.65 ನಾಲ್ವರಲ್ಲೇ ನಿಧಾನದ್ದು. ಆದರೆ ಗೆದ್ದ ಅಂತರ ನೋಡು. ಹಿಂದೆ ಬಿದ್ದೆನೆಂದು ಅವನು ಕಡೆಯ ಐದು ಮೀಟರಿನಲ್ಲಿ ಒಂದಿಷ್ಟು ಕೈಸೋತಿದ್ದರೂ ಲೆಜಾಕ್‌ಗೆ ಸಿಗುತ್ತಿದ್ದುದು ಬೆಳ್ಳಿ.

ನೀನು ಗೋಡೆಯತ್ತ ಬರುವಾಗ ಮುಂದಿನವಳು ಬ್ಲಾಕಿನ ಮೇಲೆ ಬಾಗಿ ನಿನ್ನ ಕೈಯನ್ನೇ ನೋಡುತ್ತಿರುತ್ತಾಳೆ. ನೀನು ಮುಟ್ಟುವ ಮೊದಲೇ ಅವಳ ಕಾಲು ಬ್ಲಾಕ್ ಬಿಟ್ಟರೆ ನಾಲ್ವರೂ ಅನರ್ಹ. ಸುಸ್ತಾಯಿತೆಂದು ಕೊನೆಯ ಸ್ಟ್ರೋಕ್ ಗಿಡ್ಡ ಮಾಡಬೇಡ, ಜಾರಿಕೊಂಡು ಬರಬೇಡ. ಅವಳ ಅಂದಾಜು ತಪ್ಪುತ್ತದೆ.

ಇನ್ನೊಂದು ಮಾತು. ಜೋನ್ಸ್ ಐದು ವರ್ಷದವನಿದ್ದಾಗ ವಾಟರ್ ಪಾರ್ಕಿನಲ್ಲಿ ಮುಳುಗಿ ಸಾಯುವುದರಲ್ಲಿದ್ದ. ತಾಯಿ ಅವನನ್ನು ಈಜು ಕಲಿಯಲು ಹಾಕಿದಳು. ಬೀಜಿಂಗ್ ಚಿನ್ನದ ನಂತರ ಅವನು 'ಮೇಕ್ ಎ ಸ್ಪ್ಲ್ಯಾಶ್' ಎಂಬ ಅಭಿಯಾನದಲ್ಲಿ ಊರೂರು ತಿರುಗಿ, ಈಜು ಬಾರದ ಮಕ್ಕಳನ್ನು, ಅದರಲ್ಲೂ ಕಪ್ಪು ಜನರ ಮಕ್ಕಳನ್ನು ನೀರಿಗಿಳಿಸಿದ. ನಿವೃತ್ತಿಯಾಗಲಿ ಎಂದು ಕಾಯಲಿಲ್ಲ. 2012ರ ಲಂಡನ್‌ನಲ್ಲೂ ಪದಕ ಗೆದ್ದ.

ನಾನು ಕಾದೆ. ಇಪ್ಪತ್ತಾರಕ್ಕೆ ಈಜು ನಿಂತಿತು, ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು. ಬೆಳಗಿನ ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತಿತ್ತು. ಎದ್ದು ಹೋಗಲು ಕೊಳವಿರಲಿಲ್ಲ. ಆ ಖಾಲಿ ಬೆಳಗುಗಳು ಎಷ್ಟು ಭಾರವೆಂದು ನಿನಗೆ ಯಾರೂ ಹೇಳಿಕೊಡುವುದಿಲ್ಲ. ವರ್ಷಗಟ್ಟಲೆ ನೀರಿನ ಹತ್ತಿರ ಹೋಗಲಿಲ್ಲ. ನನ್ನ ಕಾಲದಲ್ಲಿ ಊರ ಮಕ್ಕಳೆಲ್ಲ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ತೆರೆದ ಬಾವಿಯಲ್ಲಿ ಕಲಿಯುತ್ತಿದ್ದೆವು. ಬಾವಿಗಳು ಬತ್ತಿದವು, ಕೃಷಿಹೊಂಡಗಳು ಬಂದವು. ಒಂದು ಮಧ್ಯಾಹ್ನ ಹೊಂಡದ ಟಾರ್ಪಾಲಿನ ಮೇಲೆ ಕಾಲು ಜಾರಿದ ಹುಡುಗನನ್ನು ಎತ್ತಿ ತಂದರು. ಎಂಟು ವರ್ಷದವನು. ರಾಜ್ಯಕ್ಕೆ ಪದಕ ತಂದವನು ಅದೇ ಬೀದಿಯಲ್ಲಿದ್ದೆ, ಆ ಮಗುವಿಗೆ ತೇಲುವುದನ್ನೂ ಕಲಿಸಿರಲಿಲ್ಲ.

ಈಗ ಭಾನುವಾರ ಭಾನುವಾರ ತಾಲ್ಲೂಕಿನ ಈಜುಕೊಳಕ್ಕೆ ಹನ್ನೊಂದು ಮಕ್ಕಳನ್ನು ಕರೆದೊಯ್ಯುತ್ತೇನೆ. ನೀನು ಪದಕ ಗೆಲ್ಲು, ಮನಸಾರೆ ಹರಸುತ್ತೇನೆ. ಕೂಟ ಮುಗಿದ ವಾರವೇ ಊರಿಗೆ ಬಾ. ನೀರಿನಲ್ಲಿ ಮುಖ ಇಡಲು ಹೆದರುವ ಹುಡುಗಿಯೊಬ್ಬಳಿದ್ದಾಳೆ, ನನ್ನ ಕೈ ಹಿಡಿಯುವುದಿಲ್ಲ. ಅಕ್ಕ ಬರುತ್ತಾಳೆ ಎಂದು ಹೇಳಿದ್ದೇನೆ.