ತಲೆಹೊರೆಯ ಲೆಕ್ಕ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪದಲ್ಲಿ ಪುಣಜನೂರು ಎಂಬ ಗ್ರಾಮವಿದೆ. ಬಿಳಿಗಿರಿರಂಗನ ಬೆಟ್ಟದ ಅರಣ್ಯಶ್ರೇಣಿಯ ಈ ಭಾಗದಲ್ಲಿ ಸೋಲಿಗರ ಪೋಡುಗಳಿವೆ. ವಾಹನ ಹೋಗಲಾರದ ಕಾಡುದಾರಿಯಲ್ಲಿ ಸೌದೆಯಾಗಲಿ, ಅಕ್ಕಿಯ ಮೂಟೆಯಾಗಲಿ, ಅಡುಗೆ ಅನಿಲದ ಸಿಲಿಂಡರಾಗಲಿ ಮನೆಯನ್ನು ಸೇರಬೇಕಾದರೆ ಮನುಷ್ಯನ ತಲೆಯೋ ಹೆಗಲೋ ಬೇಕು. ಇದು ಕೇವಲ ದೇಹಬಲದ ಕೆಲಸವೆಂದು ತೋರಬಹುದು. ಆದರೆ ಪರಿಶೀಲಿಸಿ ನೋಡಿದರೆ ಭೌತಶಾಸ್ತ್ರದ ಹಲವು ತತ್ತ್ವಗಳು ಇದರಲ್ಲಿ ಅಡಗಿರುವುದು ಕಂಡುಬರುತ್ತದೆ.

ಮೊದಲು ಒಂದು ಸಂದೇಹವನ್ನು ತೆಗೆದುಕೊಳ್ಳೋಣ. ಬಲವು ವಸ್ತುವನ್ನು ತನ್ನ ದಿಕ್ಕಿನಲ್ಲಿ ಸರಿಸಿದರೆ ಮಾತ್ರ ಕೆಲಸ ನಡೆಯಿತೆಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ತಲೆಯ ಮೇಲಿನ ಹೊರೆಯನ್ನು ನಾವು ಮೇಲ್ಮುಖವಾಗಿ ಎತ್ತಿಹಿಡಿದಿರುತ್ತೇವೆ. ಹೊರೆ ಚಲಿಸುವುದಾದರೋ ಮುಂದಕ್ಕೆ. ಹಾಗಾದರೆ ಸಮತಟ್ಟಾದ ನೆಲದಲ್ಲಿ ಹೊರೆ ಹೊತ್ತವಳು ಮಾಡಿದ ಕೆಲಸ ಸೊನ್ನೆಯೆ? ಅವಳ ಬೆವರು ಬೇರೆಯೇ ಮಾತನ್ನು ಹೇಳುತ್ತದೆಯಲ್ಲ!

ಇದಕ್ಕೆ ಉತ್ತರ ನಡಿಗೆಯ ರೀತಿಯಲ್ಲಿದೆ. ನಮ್ಮ ನಡಿಗೆ ಗಾಲಿಯಂತೆ ಉರುಳುವುದಲ್ಲ. ಪ್ರತಿ ಹೆಜ್ಜೆಗೂ ದೇಹವು ಸುಮಾರು 4 ಸೆಂಟಿಮೀಟರು ಮೇಲೇರಿ ಕೆಳಗಿಳಿಯುತ್ತದೆ. ಒಂದು ಕಿಲೋಮೀಟರಿಗೆ 1,500 ಹೆಜ್ಜೆಗಳೆಂದು ಇಟ್ಟುಕೊಂಡರೆ ಹೊರೆಯ ಒಟ್ಟು ಏರಿಕೆ 60 ಮೀಟರು, ಎಂದರೆ ಇಪ್ಪತ್ತು ಅಂತಸ್ತಿನ ಕಟ್ಟಡದ ಎತ್ತರ! ಗಡಿಯಾರದ ಲೋಲಕದಲ್ಲಿ ನಡೆಯುವಂತೆ ಈ ಶಕ್ತಿಯ ಒಂದು ಪಾಲು ಮುಂದಿನ ಹೆಜ್ಜೆಗೆ ಮರಳಿ ದೊರೆಯುತ್ತದೆ. ಉಳಿದುದನ್ನು ಸ್ನಾಯುಗಳು ಒದಗಿಸಬೇಕು. ಅಲ್ಲದೆ, ಕದಲದೆ ನಿಂತು ಭಾರವನ್ನು ಹಿಡಿದಿರುವಾಗಲೂ ಬಿಗಿದ ಸ್ನಾಯುಗಳು ಶಕ್ತಿಯನ್ನು ವ್ಯಯಿಸುತ್ತಲೇ ಇರುತ್ತವೆ.

ಅಭ್ಯಾಸದಿಂದ ಈ ವ್ಯಯ ತಗ್ಗಬಲ್ಲದೆ? ಕೀನ್ಯಾ ದೇಶದ ಲುವೊ ಮತ್ತು ಕಿಕುಯು ಸ್ತ್ರೀಯರಲ್ಲಿ ಕೆಲವರು ತಮ್ಮ ದೇಹತೂಕದ ಶೇಕಡಾ 20ರಷ್ಟು ಹೊರೆಯನ್ನು ಹೆಚ್ಚಿನ ಶಕ್ತಿವ್ಯಯವಿಲ್ಲದೆ ಹೊರಬಲ್ಲರೆಂದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಲೋಲಕದಂತೆ ಶಕ್ತಿಯನ್ನು ಮರಳಿ ಪಡೆಯುವುದರಲ್ಲಿ ಅವರ ನಡಿಗೆ ಹೆಚ್ಚು ಸಮರ್ಥವೆಂದು 1995ರ ಪ್ರಯೋಗಗಳಿಂದ ತಿಳಿಯಿತು. ಆದರೆ 2010ರಲ್ಲಿ ದಕ್ಷಿಣ ಆಫ್ರಿಕದ ಸ್ತ್ರೀಯರನ್ನು ಪರೀಕ್ಷಿಸಿದಾಗ ಇಂಥ ಉಳಿತಾಯ ಎಲ್ಲರಲ್ಲಿಯೂ ಕಾಣಲಿಲ್ಲ. ಇನ್ನೊಂದು ಅಂಶವನ್ನೂ ಮರೆಯಬಾರದು. 50 ಕಿಲೋಗ್ರಾಂ ತೂಕದ ಹೆಂಗಸಿಗೆ ಶೇಕಡಾ 20 ಎಂದರೆ 10 ಕಿಲೋಗ್ರಾಂ ಮಾತ್ರ. ಅವಳು 30 ಕಿಲೋಗ್ರಾಂ ಸೌದೆ ಹೊತ್ತರೆ ಯಾವ ನಡಿಗೆಯ ಚಾತುರ್ಯವೂ ಅದನ್ನು ಹಗುರಮಾಡಲಾರದು.

ಭಾರವನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. 30 ಕಿಲೋಗ್ರಾಂ ಹೊರೆ ಒಂದೇ ಹೆಗಲ ಮೇಲಿದ್ದು, ಅದರ ಭಾರಕೇಂದ್ರ ಬೆನ್ನೆಲುಬಿನಿಂದ 15 ಸೆಂಟಿಮೀಟರು ಪಕ್ಕಕ್ಕಿದೆಯೆಂದು ಭಾವಿಸೋಣ. ದೇಹ ಬಾಗದಂತೆ ಎಳೆದು ಹಿಡಿಯುವ ಸ್ನಾಯುಗಳು ಬೆನ್ನೆಲುಬಿನಿಂದ ಸುಮಾರು 5 ಸೆಂಟಿಮೀಟರು ದೂರದಲ್ಲಿವೆ. ಸನ್ನೆಯ ನಿಯಮದಂತೆ ಅವು 90 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲವನ್ನು ಪ್ರಯೋಗಿಸಬೇಕು. ಹೊರೆಯೂ ಸೇರಿ ಬೆನ್ನೆಲುಬನ್ನು ಅದುಮುವ ಬಲ 120 ಕಿಲೋಗ್ರಾಂ ಆಯಿತು. ಹೆಗಲಲ್ಲಿ ಮೂಟೆ ಹೊತ್ತವನು ಇನ್ನೊಂದು ಪಕ್ಕಕ್ಕೆ ವಾಲಿ ನಡೆಯುವುದು ಇದನ್ನು ತಗ್ಗಿಸಿಕೊಳ್ಳಲೆಂದೇ. ತಲೆಯ ಮೇಲಿನ ಹೊರೆಯಾದರೆ ನೇರವಾಗಿ ಬೆನ್ನೆಲುಬಿನ ಮೇಲೆ ನಿಲ್ಲುತ್ತದೆ. ಸೌದೆಯ ಬುಡಗಳನ್ನೆಲ್ಲ ಒಂದೇ ಕಡೆಗಿಟ್ಟು ಕಟ್ಟಿದರೆ ಭಾರಕೇಂದ್ರ ಆ ಕಡೆಗೆ ಸರಿಯುತ್ತದೆ. ಬುಡ ತುದಿಗಳನ್ನು ಹಿಂದುಮುಂದಾಗಿ ಜೋಡಿಸಿದರೆ ಅದು ನಡುವೆ ಉಳಿಯುತ್ತದೆ. ತಲೆಯ ಮೇಲಿಡುವ ಸಿಂಬೆಯು ಭಾರವನ್ನು ಕಡಿಮೆಮಾಡುವುದಿಲ್ಲ. ಅದನ್ನು ಹೆಚ್ಚು ವಿಸ್ತಾರಕ್ಕೆ ಹಂಚಿ ಒತ್ತಡವನ್ನು ಕಡಿಮೆಮಾಡುತ್ತದೆ.

ಆದರೂ ತಲೆಹೊರೆಯಲ್ಲಿ ದೋಷವಿಲ್ಲದಿಲ್ಲ. ಇಡೀ ಭಾರ ಕತ್ತಿನ ಎಲುಬುಗಳ ಮೂಲಕವೇ ಇಳಿಯಬೇಕಾದುದರಿಂದ ದಿನವೂ ಹೊರುವವರಿಗೆ ಕತ್ತುನೋವು ಬರುವುದುಂಟು. ಕತ್ತನ್ನು ಸುಲಭವಾಗಿ ಹೊರಳಿಸಿ ನೋಡುವಂತಿಲ್ಲ. ಆನೆಗಳು ಓಡಾಡುವ ಕಾಡಿನಲ್ಲಿ ಇದೇನು ಸಣ್ಣ ಅಪಾಯವಲ್ಲ.

ನೆಲದಿಂದ ಹೊರೆಯನ್ನೆತ್ತುವ ಗಳಿಗೆ ಇನ್ನೂ ಕಷ್ಟದ್ದು. ಸೊಂಟ ಬಾಗಿಸಿ ಎತ್ತಿದಾಗ ಭಾರ ಬೆನ್ನೆಲುಬಿನಿಂದ ದೂರ ಉಳಿದು, ಮೇಲೆ ಹೇಳಿದ ಸನ್ನೆಯ ಲೆಕ್ಕ ಮತ್ತಷ್ಟು ಪ್ರತಿಕೂಲವಾಗುತ್ತದೆ. ದಕ್ಷಿಣ ಭಾರತದ ಹಳೆಯ ದಾರಿಗಳ ಬದಿಯಲ್ಲಿ, ನೆಟ್ಟ ಎರಡು ಕಲ್ಲುಗಳ ಮೇಲೆ ಆಳೆತ್ತರಕ್ಕೆ ಸಮೀಪವಾಗಿ ಅಡ್ಡಚಪ್ಪಡಿ ಇಟ್ಟಿರುವುದನ್ನು ಕಾಣಬಹುದು. ದಾರಿಹೋಕನು ಬಾಗದೆ ಹೊರೆಯನ್ನು ಅದರ ಮೇಲೆ ಸರಿಸಿ, ದಣಿವಾರಿಸಿಕೊಂಡು, ಯಾರ ನೆರವೂ ಇಲ್ಲದೆ ಮತ್ತೆ ತಲೆಗೇರಿಸಿಕೊಳ್ಳಲೆಂದು ಹಿಂದಿನವರು ಮಾಡಿದ ಏರ್ಪಾಡು ಅದು.

ಇನ್ನು ಸಿಲಿಂಡರಿನ ವಿಷಯ. 14.2 ಕಿಲೋಗ್ರಾಂ ಅನಿಲ ತುಂಬಿದ ಸಿಲಿಂಡರಿನ ತೂಕ ಸುಮಾರು 30 ಕಿಲೋಗ್ರಾಂ, ಎಂದರೆ ನಮ್ಮ ಸೌದೆಯ ಹೊರೆಯಷ್ಟೆ. ಇಬ್ಬರು 2 ಮೀಟರು ಉದ್ದದ ಬೊಂಬಿಗೆ ಅದನ್ನು ಭದ್ರವಾಗಿ ತೂಗುಹಾಕಿ ಹೊರಬಹುದು. ನಡುವೆ ತೂಗಿದರೆ ಒಬ್ಬೊಬ್ಬರಿಗೆ 15 ಕಿಲೋಗ್ರಾಂ. ಒಬ್ಬನಿಂದ ಅರ್ಧ ಮೀಟರು ದೂರದಲ್ಲಿ ತೂಗಿದರೆ ಅವನಿಗೆ 22.5, ಮತ್ತೊಬ್ಬನಿಗೆ 7.5. ದುರ್ಬಲನಾದವನಿಗೆ ಭಾರವನ್ನು ಎಷ್ಟು ಕಡಿಮೆಮಾಡಬಹುದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಹೊತ್ತು ತಂದ ಭಾರದಿಂದ ದೊರೆಯುವ ಪ್ರಯೋಜನವನ್ನೂ ಹೋಲಿಸಿ ನೋಡೋಣ. ಒಣಸೌದೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 3,500 ಕಿಲೊಕ್ಯಾಲೊರಿ, ಅನಿಲದಲ್ಲಿ ಸುಮಾರು 11,000 ಕಿಲೊಕ್ಯಾಲೊರಿ ಶಾಖವಿದೆ. ಮೂರುಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಶೇಕಡಾ 15ರಷ್ಟು, ಅನಿಲದ ಒಲೆಯಲ್ಲಿ ಶೇಕಡಾ 60ರಷ್ಟು ಎಂದು ಹಿಡಿದರೆ, 30 ಕಿಲೋಗ್ರಾಂ ಸೌದೆಯಿಂದ ಅಡುಗೆಗೆ ಒದಗುವ ಶಾಖ 15,750 ಕಿಲೊಕ್ಯಾಲೊರಿ. ಒಂದು ಸಿಲಿಂಡರಿನಿಂದ ಸುಮಾರು 94,000. ಎಂದರೆ ಒಂದು ಸಿಲಿಂಡರು ಆರು ಸೌದೆಹೊರೆಗಳಿಗೆ ಸಮ. ಬಡ ಕುಟುಂಬಗಳಿಗೆ ಅನಿಲ ಸಂಪರ್ಕ ಕೊಡುವ ಉಜ್ವಲಾ ಯೋಜನೆ 2016ರಲ್ಲಿ ಆರಂಭವಾಯಿತು. ಆದರೆ ಸಂಪರ್ಕ ಬಂದ ಮಾತ್ರಕ್ಕೆ ಹೊರೆ ಇಳಿಯುವುದಿಲ್ಲ. ಬರಿದಾದ ಸಿಲಿಂಡರನ್ನು ಮತ್ತೆ ತುಂಬಿಸಿಕೊಳ್ಳಲು ಹಣ ಬೇಕು, ಅದನ್ನು ಪೋಡಿಗೆ ಮುಟ್ಟಿಸಲು ದಾರಿ ಬೇಕು. ಇವೆರಡೂ ಒದಗಿದ ಮನೆಯ ಹೆಂಗಸು ಆರು ಸಲ ಕಾಡಿಗೆ ಹೋಗಿಬರುವ ಶ್ರಮದಲ್ಲಿ ಐದು ಸಲದ್ದಾದರೂ ಉಳಿಯುತ್ತದೆ.