ಹಲವು ಮೀನುತೊಟ್ಟಿಗಳಿಗೆ ಒಂದೇ ಶೋಧಕ

ಮನೆಯಲ್ಲಿ ಅಲಂಕಾರದ ಮೀನುಗಳನ್ನು ಸಾಕುವ ಗೃಹಸ್ಥನು ಒಂದು ಗಾಜಿನ ತೊಟ್ಟಿಯಿಂದ ಆರಂಭಿಸಿ, ಸ್ವಲ್ಪ ಕಾಲದಲ್ಲಿಯೇ ಎರಡು ಮೂರು ತೊಟ್ಟಿಗಳನ್ನು ಇಟ್ಟುಕೊಳ್ಳುವುದುಂಟು. ಪ್ರತಿಯೊಂದಕ್ಕೂ ಬೇರೆ ಬೇರೆ ಶೋಧಕವನ್ನಿಟ್ಟರೆ ಖರ್ಚೂ ಶ್ರಮವೂ ಹೆಚ್ಚುವುವು. ಎಲ್ಲಾ ತೊಟ್ಟಿಗಳ ನೀರನ್ನೂ ಕೆಳಗಿನ ಒಂದೇ ಶೋಧಕ ತೊಟ್ಟಿಗೆ ಇಳಿಸಿ, ಅಲ್ಲಿಂದ ಪಂಪಿನಿಂದ ಮೇಲಕ್ಕೆ ಹತ್ತಿಸುವುದು ಇದಕ್ಕೆ ಉಪಾಯವಾಗಿದೆ. ಆದರೆ ನೀರು ಒಂದಾದರೆ ರೋಗವೂ ಒಂದಾಗುವುದೆಂಬುದನ್ನು ಮೊದಲೇ ತಿಳಿದಿರತಕ್ಕದ್ದು.

1. ಶೋಧಕದ ಕೆಲಸ

ಮೀನಿನ ಕಿವಿರುಗಳಿಂದಲೂ, ಮಲದಿಂದಲೂ, ತಿನ್ನದೆ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಸೇರುತ್ತದೆ. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಇದರದೇ. ಇದು ಅಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷ. ಶೋಧಕದ ಮರಳು, ಕಲ್ಲುಚೂರು ಅಥವಾ ಸ್ಪಂಜಿಗೆ ಅಂಟಿಕೊಂಡು ಬೆಳೆಯುವ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟಿನ ಬಾಧೆ ಬಹಳ ಕಡಮೆ. ರಷ್ಯಾ ದೇಶದ ವಿನೊಗ್ರಾಡ್‌ಸ್ಕಿ ಎಂಬ ವಿದ್ವಾಂಸನು 1890 ರ ಸುಮಾರಿನಲ್ಲಿ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಹೊಲಕ್ಕೆ ಹಾಕಿದ ಗೊಬ್ಬರವು ಪೈರಿಗೆ ದಕ್ಕುವಲ್ಲಿಯೂ ಇಂತಹ ಜೀವಿಗಳ ಕೆಲಸವಿದೆ.

ಇವು ತಕ್ಕಷ್ಟು ಬೆಳೆಯಲು 4 ರಿಂದ 6 ವಾರಗಳು ಬೇಕು. ಅಲ್ಲಿಯವರೆಗೆ ಮೀನುಗಳು ಕೆಲವೇ ಇರಬೇಕು; ಆಹಾರವೂ ಮಿತವಾಗಿರಬೇಕು. ಶೋಧಕದ ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತೊಳೆದರೆ ಈ ಜೀವಿಗಳು ಸಾಯುವುವು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಜಾಲಿಸತಕ್ಕದ್ದು. ಶೋಧಕದ ಗಾತ್ರವನ್ನು ತೊಟ್ಟಿಗಳ ಲೆಕ್ಕದಿಂದಲ್ಲ, ಎಲ್ಲಾ ತೊಟ್ಟಿಗಳಿಗೂ ದಿನಕ್ಕೆ ಹಾಕುವ ಒಟ್ಟು ಆಹಾರದಿಂದ ನಿರ್ಧರಿಸಬೇಕು.

2. ನೀರಿನ ದಾರಿ

ಪ್ರತಿ ತೊಟ್ಟಿಗೂ ಕೆರೆಗೆ ಕೋಡಿಯಿರುವಂತೆ ನಿಶ್ಚಿತ ಮಟ್ಟದಲ್ಲಿ ಒಂದು ಹೊರದಾರಿಯಿರಬೇಕು. ಒಂದು ತೊಟ್ಟಿಯ ನೀರು ಇನ್ನೊಂದಕ್ಕೆ ಹೋಗದೆ, ಎಲ್ಲವೂ ನೇರವಾಗಿ ಕೆಳಗಿನ ಶೋಧಕಕ್ಕೆ ಇಳಿಯಬೇಕು. ಇಳಿಯುವ ಕೊಳವೆಯು ಏರುವ ಕೊಳವೆಗಿಂತ ಅಗಲವಾಗಿದ್ದು, ಅದರ ಬಾಯಿಗೆ ಜಾಲರಿಯಿರಬೇಕು. ಏರುವ ಕೊಳವೆಯ ಪ್ರತಿ ಕವಲಿಗೂ ತಿರುಪು ಇದ್ದರೆ ನೀರನ್ನು ಸಮನಾಗಿ ಹಂಚಬಹುದು.

3. ಪಂಪು ನಿಂತಾಗ

ವಿದ್ಯುತ್ತು ನಿಂತಾಗ ಮೇಲಿನ ನೀರು ಕೋಡಿಯ ಮಟ್ಟದವರೆಗೂ ಕೆಳಕ್ಕಿಳಿಯುವುದು. 3 ಅಡಿ ಉದ್ದ, 1½ ಅಡಿ ಅಗಲದ ತೊಟ್ಟಿಯಲ್ಲಿ ಒಂದು ಅಂಗುಲ ನೀರೆಂದರೆ ಸುಮಾರು 10½ ಲೀಟರು. ಇಂತಹ ಮೂರು ತೊಟ್ಟಿಗಳಿಂದ 32 ಲೀಟರು ಇಳಿಯುವುದು. ಕೊಳವೆಗಳ ನೀರೂ ಸೇರುವುದರಿಂದ ಶೋಧಕದಲ್ಲಿ ಕನಿಷ್ಠ 40 ಲೀಟರಿನ ಜಾಗ ಸದಾ ಖಾಲಿಯಿರಬೇಕು; ಇಲ್ಲವಾದರೆ ನೀರು ನೆಲದ ಪಾಲಾಗುವುದು. ಏರುವ ಕೊಳವೆಯ ಬಾಯಿಯು ತೊಟ್ಟಿಯ ನೀರಿನಲ್ಲಿ ಮುಳುಗಿದ್ದರೆ ನೀರು ಅದೇ ದಾರಿಯಲ್ಲಿ ಹಿಂದಕ್ಕೆ ಸೆಳೆದುಕೊಂಡು ಹೋಗುವುದು. ಆದ್ದರಿಂದ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲಿಡತಕ್ಕದ್ದು. ಕೆಲಸಕ್ಕೆ ತೊಡಗುವ ಮುನ್ನ, ಮೀನು ಬಿಡದೆ, ಪಂಪನ್ನು ನಿಲ್ಲಿಸಿ ಪರೀಕ್ಷಿಸಬೇಕು.

4. ರೋಗದ ಭಯ

ಸಂತೆಯಿಂದ ತಂದ ಎತ್ತನ್ನು ಅದೇ ದಿನ ಮನೆಯ ದನಗಳೊಡನೆ ಕಟ್ಟದಿರುವುದು ರೈತನು ಬಲ್ಲ ವಿವೇಕ. ಇಲ್ಲಿಯೂ ಅದೇ ನ್ಯಾಯ. ಬಿಳಿಚುಕ್ಕೆ ರೋಗದ ಕ್ರಿಮಿಯು ಮೀನಿನ ಮೈಯಿಂದ ಕಳಚಿ, ತಳದಲ್ಲಿ ನೂರಾರು ಮರಿಗಳಾಗಿ ಒಡೆದು, ನೀರಿನಲ್ಲಿ ಈಜುತ್ತಾ ಬೇರೆ ಮೀನುಗಳನ್ನು ಹಿಡಿಯುತ್ತದೆ. ನೀರು ಒಂದೇ ಆದಲ್ಲಿ ಒಂದು ತೊಟ್ಟಿಯ ಕ್ರಿಮಿಯು ಮಿಕ್ಕೆಲ್ಲಾ ತೊಟ್ಟಿಗಳಿಗೂ ಹರಡುವುದು. ರೋಗದ ಮೀನನ್ನು ಮಾತ್ರ ತೆಗೆದುಹಾಕಿದರೆ ಸಾಲದು. ಎಲ್ಲಾ ತೊಟ್ಟಿಗಳಿಗೂ ಸೋಂಕು ತಗಲಿದೆಯೆಂದೇ ಎಣಿಸತಕ್ಕದ್ದು.

ಆದಕಾರಣ ಹೊಸ ಮೀನುಗಳನ್ನು ಕೂಡುನೀರಿಗೆ ಸೇರದ ಪ್ರತ್ಯೇಕ ತೊಟ್ಟಿಯಲ್ಲಿ 4 ವಾರ ಇಟ್ಟು ನೋಡಬೇಕು. ಅದರ ಬಲೆಯನ್ನೂ ಬಕೆಟ್ಟನ್ನೂ ಬೇರೆ ಕಡೆ ಬಳಸಕೂಡದು. ಕೆಲವು ಔಷಧಗಳು ಶೋಧಕದ ಜೀವಿಗಳನ್ನೂ ಕೊಲ್ಲುವುದರಿಂದ, ಒಂದೆರಡು ಮೀನುಗಳ ಗಾಯಕ್ಕೆ ಚಿಕಿತ್ಸೆಯನ್ನು ಈ ಪ್ರತ್ಯೇಕ ತೊಟ್ಟಿಯಲ್ಲಿಯೇ ಮಾಡುವುದು ಉತ್ತಮ.

5. ಯಾರಿಗೆ ತಕ್ಕುದು

ಒಂದೇ ಬಗೆಯ ನೀರನ್ನೂ ಶಾಖವನ್ನೂ ಬಯಸುವ ಮೀನುಗಳಿಗೆ ಮಾತ್ರ ಈ ಕ್ರಮವು ತಕ್ಕುದು. ಮೆದುನೀರಿನ ಮೀನನ್ನೂ ಗಡಸುನೀರಿನ ಮೀನನ್ನೂ ಹೀಗೆ ಕೂಡಿಸಕೂಡದು. ಪ್ರತ್ಯೇಕ ತೊಟ್ಟಿಯೊಂದನ್ನು ಇಡಲು ಮನಸ್ಸಿಲ್ಲದವರು ಪ್ರತಿ ತೊಟ್ಟಿಗೂ ಅದರದೇ ಶೋಧಕವನ್ನಿಡುವುದೇ ಕ್ಷೇಮ. ಶೋಧಕ ಒಂದಾಗಿ ಉಳಿಯುವ ಹಣಕ್ಕಿಂತ, ಒಂದು ರೋಗದ ಮೀನಿನಿಂದ ಎಲ್ಲಾ ತೊಟ್ಟಿಗಳೂ ಬರಿದಾಗುವ ನಷ್ಟವು ದೊಡ್ಡದು.